ಲಿಯಾಂದ್ರೊ ಮಾತು ಕೊಟ್ಟ ಮನೆಗಳು

ಗ್ರೀಲಿ ಪಟ್ಟಣದ ಅಂಚಿನ ಹೊಸ ಬಡಾವಣೆಗೆ ಮನೆ ನೋಡಲು ಬಂದವರಿಗೆ, ಅವನ್ನು ಕಟ್ಟಿ ಮಾರುವ ಹಾರ್ಲನ್ ಶ್ಲೇಗಲ್ ಮೊದಲು ತೋರಿಸುತ್ತಿದ್ದುದು ಅಡುಗೆಮನೆಯನ್ನಲ್ಲ, ತನ್ನ ಬಡಗಿ ಲಿಯಾಂದ್ರೊ ತಫೋಯನನ್ನು.

"ಇವನನ್ನೇ ಕೇಳಿ. ಸುಳ್ಳು ಹೇಳಕ್ಕೆ ಬರಲ್ಲ ಇವನಿಗೆ."

ಲಿಯಾಂದ್ರೊ ಕೈಯ ಮರದ ಹೊಟ್ಟು ಒರೆಸಿಕೊಂಡು, "ಮನೆ ಗಟ್ಟಿ ಇದೆ, ಕಟ್ಟಿದವನು ನಿಯತ್ತಿನ ಮನುಷ್ಯ. ಧೈರ್ಯವಾಗಿ ತಗೊಳ್ಳಿ," ಎನ್ನುತ್ತಿದ್ದ. ನಂಬಿಯೇ ಹೇಳುತ್ತಿದ್ದ.

ಇಬ್ಬರದೂ ಇಪ್ಪತ್ತೆರಡು ವರ್ಷದ ಜೋಡಿ. ಹಾರ್ಲನ್ ಗೋಡೆಯ ಮೇಲೆ ನಿಂತು ಅಳತೆ ಕೂಗಬೇಕು, ಲಿಯಾಂದ್ರೊ ಕೆಳಗೆ ಮರ ಕೊಯ್ಯಬೇಕು. ಕೂಗಿದ ಅಳತೆಯನ್ನು ಮತ್ತೆ ಟೇಪು ಹಿಡಿದು ನೋಡಿದರೆ ಆ ಕಸುಬಿನಲ್ಲಿ ಅದು ಕೂಗಿದವನಿಗೆ ಅವಮಾನ. ಹಿಂದಿನ ವರ್ಷ ಅದೇ ಬಡಾವಣೆಯಲ್ಲಿ ತನಗೊಂದು ಮನೆ ಕೊಂಡಾಗಲೂ ಲಿಯಾಂದ್ರೊ ಹಾಗೇ ನಡೆದುಕೊಂಡ. ಹಾರ್ಲನ್ ಎದುರಿಗೆ ಕೂತು ಕ್ರಯಪತ್ರದ ಹಾಳೆ ತಿರುವಿ ಬೆರಳಿಟ್ಟಲ್ಲೆಲ್ಲ ಇವನು ಸಹಿ ಹಾಕಿದ. ಅವನ ಮುಂದೆ ಓದುತ್ತ ಕೂರಲು ಮನಸ್ಸು ಬರಲಿಲ್ಲ.

ಮಾರ್ಚ್ ತಿಂಗಳಲ್ಲಿ ತೈಲ ಕಂಪನಿಯಿಂದ ಬೀದಿಯವರಿಗೆಲ್ಲ ಕಾಗದ ಬಂತು. ಬೀದಿಯ ಕೊನೆಯಲ್ಲಿ ಬಾವಿ ಕೊರೆದು, ಎಲ್ಲ ಮನೆಗಳ ಅಡಿಯಿಂದ ಎಣ್ಣೆ, ಅನಿಲ ತೆಗೆಯುತ್ತಾರೆ. ಮನೆಯವರ ಒಪ್ಪಿಗೆ ಬೇಕಿಲ್ಲ. ಅಲ್ಲಿನ ಕಾನೂನಿನಲ್ಲಿ ಮನೆ ಒಬ್ಬರದು, ನೆಲದಡಿಯ ಖನಿಜ ಇನ್ನೊಬ್ಬರದು ಆಗಬಹುದು; ಮನೆ ಮಾರುವಾಗಲೇ ಹಾರ್ಲನ್ ಆ ಖನಿಜದ ಹಕ್ಕನ್ನು ತನ್ನ ಹೆಸರಿನಲ್ಲಿ ಉಳಿಸಿಕೊಂಡಿದ್ದಾನೆ.

ಹೆಂಡತಿ ದೆಲ್ಫೀನಾ ಎರಡು ಸಲ ಓದಿದಳು. "ನಿನ್ನ ಸ್ನೇಹಿತ ನಮಗೆ ಮಾರಿದ್ದು ಮನೇನೋ, ಬರೀ ಮುಚ್ಚಳಾನೋ?"

ಲಿಯಾಂದ್ರೊ ನೇರ ಕೆಲಸದ ಜಾಗಕ್ಕೆ ಹೋದ. ಹಾರ್ಲನ್ ಕಾಫಿ ಕುಡಿಯುತ್ತಲೇ ಕಾಗದದ ಮೇಲೆ ಕಣ್ಣಾಡಿಸಿದ.

"ಎಲ್ಲರ ಕ್ರಯಪತ್ರದಲ್ಲೂ ಅದೇ ಇದೆ ಮಾರಾಯ. ನಿನಗೊಬ್ಬನಿಗೆ ಬೇರೆ ಬರೆಸಕ್ಕಾಗತ್ತಾ?"

"ಬರೆಸೋದು ಬೇಡ. ಬಾಯಲ್ಲಿ ಒಂದ್ಮಾತು ಹೇಳಬಹುದಿತ್ತಲ್ಲ?"

"ಓದ್ಕೋಬೇಕಿತ್ತು ನೀನು."

ಹಾರ್ಲನ್ ಗೇಟಿನತ್ತ ಕೈ ತೋರಿಸಿದ. ಗಂಡ ಹೆಂಡತಿ ಇಬ್ಬರು ಕಾರಿಳಿಯುತ್ತಿದ್ದರು. "ಅದನ್ನ ಆಮೇಲೆ ನೋಡೋಣ. ಇವರ ಹತ್ರ ಒಂದೆರಡು ಮಾತಾಡು ಬಾ."

ಆಗ ಅವನಿಗೆ ಅರ್ಥವಾಯಿತು. ಬೀದಿಯ ಹತ್ತೊಂಬತ್ತು ಮನೆಯವರೂ ತನ್ನ ಮಾತು ಕೇಳಿಯೇ ಸಹಿ ಹಾಕಿದವರು. ಗಾಳಕ್ಕೆ ಸಿಕ್ಕಿಸಿದ ಹುಳು ತಾನೇ.

ಆ ದಂಪತಿ ಹತ್ತಿರ ಬಂದಾಗ, "ನೆಲದಡಿ ಏನಿದೆಯೋ ಅದು ಯಾರದ್ದು ಅಂತ ಕೇಳಿ. ಪತ್ರ ಪೂರ್ತಿ ಓದಿ," ಎಂದ. ಸಲಕರಣೆಯ ಪೆಟ್ಟಿಗೆ ಎತ್ತಿಕೊಂಡು ನಡೆದ. ಹಿಂದಿನಿಂದ ಹಾರ್ಲನ್ ಕೂಗಿದ್ದು ಕೇಳಿಸಿತು, ತಿರುಗಲಿಲ್ಲ.

ಸಂಜೆ ಅವನು ತಟ್ಟಿದಾಗ ಎದುರು ಮನೆಯ ಎಲ್ವೀರಾ ಬಾಗಿಲನ್ನು ಒಂದು ಗೇಣು ಮಾತ್ರ ತೆರೆದಳು. ಶಾಲೆಯ ಬಸ್ಸು ಓಡಿಸುವ ಹೆಂಗಸು, ಬಾಯಿ ಜೋರು.

"ನಿನಗೆಷ್ಟು ಪಾಲು ಕೊಟ್ಟ ನಿನ್ನ ಧಣಿ?"

ಅವನು ತನಗೆ ಬಂದ ಕಾಗದವನ್ನು ಚಾಚಿದ. ಅವಳು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದಳು.

"ನಿನಗೂ ಹೀಗೇ ಮಾಡಿದ್ನಾ?"

"ಹ್ಞೂಂ."

"ಹಾಗಾದ್ರೆ ಕಳ್ಳ ಅಲ್ಲ, ದಡ್ಡ ನೀನು." ಕಾಗದ ಹಿಂದಕ್ಕೆ ಕೊಟ್ಟಳು. "ಆದ್ರೂ ನಾನು ಈ ಮನೆ ತಗೊಂಡಿದ್ದು ನಿನ್ನ ಮುಖ ನೋಡಿ ಕಣೋ."

ಬಾಗಿಲು ಮುಚ್ಚಿತು. ಲಿಯಾಂದ್ರೊ ಕಾಗದವನ್ನು ಜೇಬಿಗಿಡದೆ ಕೈಯಲ್ಲೇ ಹಿಡಿದು, ಅವಳ ಪಕ್ಕದ ಮನೆಯ ಮೆಟ್ಟಿಲು ಹತ್ತಿದ.