ಪೈಪು ಹಿಗ್ಗಿದ ಲೆಕ್ಕ

ಎಣ್ಣೆಬಾವಿ ಕೊರೆಯುವ ಯಂತ್ರವನ್ನು ಭಾವ ನಡೆಸುತ್ತಿದ್ದ. ಲೆಕ್ಕವೆಂದರೆ ಪಂಚಪ್ರಾಣವಾಗಿದ್ದ ಅವನ ನಾದಿನಿ ಅಲ್ಲೇ ಇಂಜಿನಿಯರು. ಒಂದು ಬೆಳಿಗ್ಗೆ ಪೈಪು ನೆಲದಾಳದಲ್ಲಿ ಕಚ್ಚಿಕೊಂಡಿತು. ಭಾವ ಎಷ್ಟು ಎಳೆಸಿದರೂ ಜಪ್ಪಯ್ಯ ಎನ್ನಲಿಲ್ಲ.

"ನಿಲ್ಸಿ ಭಾವ, ತುಂಡಾಗುತ್ತೆ! ಎಲ್ಲಿ ಸಿಕ್ಕಿದೆ ಅಂತ ಪೈಪನ್ನೇ ಕೇಳೋಣ."

"ನಿಮ್ಮಕ್ಕನೇ ನಂಗೆ ಉತ್ತರ ಕೊಡಲ್ಲ, ಕಬ್ಬಿಣ ಕೊಡುತ್ತಾ?"

ಅವಳು ಹದವಾಗಿ ಎಳೆಸಿ, ಪೈಪಿನ ಮೇಲೆ ಸೀಮೆಸುಣ್ಣದ ಗೆರೆ ಹಾಕಿದಳು. ಇನ್ನಷ್ಟು ಬಲ ಕೊಡಿಸಿದಾಗ ಗೆರೆ ಗೇಣುದ್ದ ಮೇಲೇರಿತು. ಹಿಗ್ಗುವುದು ಸಿಕ್ಕಿದ ಜಾಗದಿಂದ ಮೇಲಿನ ಭಾಗ ಮಾತ್ರ. ಅದು ಉದ್ದವಿದ್ದಷ್ಟೂ ಹೆಚ್ಚು ಹಿಗ್ಗುತ್ತದೆ; ತಳದಲ್ಲಿ ಸಿಕ್ಕಿದ್ದರೆ ಗೆರೆ ಎರಡು ಗೇಣು ಏರಬೇಕಿತ್ತು.

"ತಳದಲ್ಲಲ್ಲ ಭಾವ, ಅರ್ಧದಾರಿಯ ಜೇಡಿಮಣ್ಣಲ್ಲಿ ಸಿಕ್ಕಿದೆ," ಎಂದಳು ಲೆಕ್ಕ ಹಾಕಿ.

ಆ ಆಳಕ್ಕೆ ಸರಿಯಾಗಿ, ಪೈಪು ಜಾರಲೆಂದು ಎಣ್ಣೆ ಇಳಿಸಿ ಕಾದರು. ಊಟದ ಹೊತ್ತಿಗೆ ಪೈಪು ಒಮ್ಮೆ ನಡುಗಿ, ಗರಗರನೆ ತಿರುಗಿತು. ಭಾವ ಕೆಸರಿನ ಬೂಟಿನಲ್ಲೇ ಕುಣಿದ. ಅವಳೂ ನಗುತ್ತಾ ಹೆಜ್ಜೆ ಹಾಕಿದಳು.