ಎಡಕ್ಕೆ ಎರಡು ಬೆರಳು

ಸಂಜಯನಗರದ ಒಂದು ಸೂಪರ್ ಮಾರ್ಕೆಟ್‌ನಲ್ಲಿ ನಾನು ಒಂಬತ್ತು ವರ್ಷ ಬೆಲೆ ಚೀಟಿ ಹಾಕಿದವಳು. ಬಾಗಲೂರಿನಿಂದ ಮೊದಲ ಬಸ್ಸಿಗೆ ಬಂದು, ಶಟರ್ ಎತ್ತುವ ಮೊದಲೇ ಅಂದಿನ ಚೀಟಿಗಳನ್ನು ಕತ್ತರಿಸಿ ರ‍್ಯಾಕಿಗೆ ಸಿಕ್ಕಿಸಬೇಕಿತ್ತು. ಅದು ಇಬ್ಬರ ಕೆಲಸ. ಒಬ್ಬರು ಹೆಸರು, ಬೆಲೆ ಓದಬೇಕು, ಇನ್ನೊಬ್ಬರು ಹಾಕಬೇಕು. ಓದುತ್ತಿದ್ದವಳು ತಣಿಸಂದ್ರದ ಹುಡುಗಿ, ನನಗಿಂತ ಹತ್ತು ವರ್ಷ ಚಿಕ್ಕವಳು. ಕೆಲಸ ಕಲಿಸಿದ್ದೇ ನಾನು. ಪ್ಯಾಕೆಟ್ಟಿನ ನಟ್ಟನಡುವಿಗೆ ಸರಿಯಾಗಿ ರ‍್ಯಾಕಿನ ಅಂಚಿಗೆ ಚೀಟಿ ಹಾಕಿದರೆ ಗಿರಾಕಿಗಳ ಕೈಗೆ ಸಿಕ್ಕಿ ಕಿತ್ತುಬರುತ್ತದೆ, ಎರಡು ಬೆರಳು ಎಡಕ್ಕೆ ಸರಿಸು ಎಂದು ಹೇಳಿಕೊಟ್ಟಿದ್ದೆ.

ಜಿಎಸ್‌ಟಿ ಬಂದ ಮರುವರ್ಷ ನಮ್ಮಲ್ಲಿ ಎಲೆಕ್ಟ್ರಾನಿಕ್ ಚೀಟಿಗಳು ಬಂದವು. ಪುಟ್ಟ ಪರದೆಯಲ್ಲಿ ಬೆಲೆ ತಾನೇ ಬದಲಾಗುತ್ತಿತ್ತು. ಯಾವ ಚೀಟಿ ಯಾವ ಸಾಮಾನಿಗೆ ಎಂದು ಸ್ಕ್ಯಾನರ್ ಹಿಡಿದು ಜೋಡಿಸುವುದಷ್ಟೇ ಮನುಷ್ಯರಿಗೆ ಉಳಿದ ಕೆಲಸ. ಅವಳು ಪಿಯುಸಿ ಓದಿದ್ದಳೆಂದು ಮ್ಯಾನೇಜರ್ ಸ್ಕ್ಯಾನರನ್ನು ಅವಳಿಗೆ ಕೊಟ್ಟರು. ನನ್ನನ್ನು ಸಾಮಾನು ತುಂಬಲು ಹಾಕಿದರು.

ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಸ್ಕ್ಯಾನರ್ ಹಿಡಿದವಳನ್ನು ಗಿರಾಕಿಗಳು ಮೇಡಂ ಅನ್ನುತ್ತಿದ್ದರು. ನನಗೆ ಮಾತ್ರ, ಸ್ವಲ್ಪ ಜರುಗಮ್ಮ. ಅವಳು ಮೊದಲಿನಂತೆಯೇ ಕಾಫಿಗೆ ಕರೆದರೂ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಸಾಲದ್ದಕ್ಕೆ, ಕಂಪನಿಯವರು ಹೇಳಿದರೆಂದು ಚೀಟಿಗಳನ್ನೆಲ್ಲ ನಟ್ಟನಡುವೆಯೇ ಹಾಕಿದ್ದಳು. ಗುರುವಿಗೇ ತಿರುಮಂತ್ರ.

ಒಂದು ಬೆಳಿಗ್ಗೆ ಯಾರೂ ಇಲ್ಲದಾಗ ತೊಗರಿಬೇಳೆ, ಕಡಲೆಬೇಳೆಯ ಚೀಟಿಗಳನ್ನು ಅದಲು ಬದಲು ಮಾಡಿದೆ. ಹೆಸರು ಇರುತ್ತಿದ್ದದ್ದು ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಜನ ನೋಡುವುದು ದೊಡ್ಡ ಅಂಕಿಯನ್ನು. ಮಧ್ಯಾಹ್ನದ ಹೊತ್ತಿಗೆ ಬಿಲ್ಲಿಂಗ್ ಹತ್ತಿರ ಜಗಳ ಶುರುವಾಯಿತು. ತೊಗರಿಬೇಳೆ ತಗೊಂಡ ಹೆಂಗಸು, ಅಲ್ಲಿ ಒಂದು ರೇಟು ಇಲ್ಲಿ ಒಂದು ರೇಟಾ ಎಂದು ಅಂಗಡಿಯನ್ನೇ ತಲೆ ಮೇಲೆ ಹೊತ್ತುಕೊಂಡಳು.

ಮ್ಯಾನೇಜರ್ ತಣಿಸಂದ್ರದ ಹುಡುಗಿಯನ್ನು ರ‍್ಯಾಕಿನ ಹತ್ತಿರ ಕರೆಸಿದರು. ಅವಳು ಆ ಎರಡು ಚೀಟಿಗಳನ್ನು ತುಸು ಹೊತ್ತು ನೋಡಿದಳು. ಆಮೇಲೆ, ಹಾಕುವಾಗ ಅದಲು ಬದಲಾಗಿರಬೇಕು, ತಪ್ಪು ನನ್ನದೇ ಎಂದಳು. ಎಲ್ಲರೆದುರು ಬೈಸಿಕೊಂಡಳು. ಮ್ಯಾನೇಜರ್ ಸ್ಕ್ಯಾನರ್ ಕಿತ್ತುಕೊಂಡು, ಹಳಬರೇ ವಾಸಿ ಎಂದು ನನ್ನ ಕೈಗಿಟ್ಟರು. ಆ ದಿನ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ನನಗೆ ಕಾಲು ನೋಯಲಿಲ್ಲ.

ಮರುದಿನ ಸ್ಕ್ಯಾನರ್ ಹಿಡಿಯುವುದು ಹೇಗೆಂದು ಅವಳೇ ಕಲಿಸಿಕೊಟ್ಟಳು. ಅವಳು ಹೆಸರು ಓದಿದಳು, ನಾನು ಉದ್ದಿನಬೇಳೆಗೆ ಹೊಸ ಚೀಟಿ ಜೋಡಿಸಿ ರ‍್ಯಾಕಿಗೆ ಸಿಕ್ಕಿಸಿದೆ. ಅವಳು ಅದನ್ನೇ ನೋಡುತ್ತ ನಿಂತಳು.

"ಎರಡು ಬೆರಳು ಎಡಕ್ಕೆ ಹಾಕಿದ್ದೀರಲ್ಲ ಅಕ್ಕ," ಎಂದಳು. "ನಿನ್ನೆ ಆ ಬೇಳೆ ಚೀಟಿಗಳೂ ಹಿಂಗೇ ಇದ್ವು."

ಮತ್ತೆ ಮ್ಯಾನೇಜರಿಗೆ ಯಾಕೆ ಹೇಳಲಿಲ್ಲ ಎಂದು ಹೇಗೋ ಕೇಳಿದೆ.

"ನಿಮಗೆ ಈ ಸ್ಕ್ಯಾನರ್ ಇಷ್ಟು ಬೇಕಿತ್ತು ಅಂತ ನಂಗೆ ಗೊತ್ತಾಗ್ಲಿಲ್ಲ. ಕೇಳಿದ್ರೆ ನಾನೇ ಕೊಡ್ತಿದ್ದೆ."

ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಬೇಕೆಂದದ್ದು ಕೈಯಲ್ಲೇ ಇತ್ತು. ಆದರೂ ಅವಳನ್ನು ನೋಡಿ ಮೊದಲಿಗಿಂತ ಹೆಚ್ಚು ಹೊಟ್ಟೆ ಉರಿಯಿತು. ಅವಳು ಬಗ್ಗಿ, ಹಿಂದಿನ ದಿನದವರೆಗೆ ನಾನು ತುಂಬುತ್ತಿದ್ದ ಬೇಳೆ ಪ್ಯಾಕೆಟ್ಟುಗಳನ್ನು ಜೋಡಿಸತೊಡಗಿದಳು.