ಪಕ್ಕದಲ್ಲಿ ಯಾರು ಮಲಗುತ್ತಾರೆ ಎಂದು ಕೇಳುವ ವೈದ್ಯೆ

ಮಕ್ಕಳ ಚರ್ಮದ ಕಾಯಿಲೆಗಳ ಬಗ್ಗೆ ನಮ್ಮ ವೈದ್ಯವೃತ್ತಿಯಲ್ಲೇ ಒಂದು ಉಡಾಫೆಯಿದೆ. ಹೃದಯಕ್ಕೆ, ಮಿದುಳಿಗೆ ಸಿಗುವ ಮರ್ಯಾದೆ ತುರಿಕೆಗೆ ಸಿಗುವುದಿಲ್ಲ. ಆದರೆ ಮಕ್ಕಳ ಹೊರರೋಗಿ ವಿಭಾಗದಲ್ಲಿ ಒಂದೇ ಒಂದು ಬೆಳಿಗ್ಗೆ ಕುಳಿತವರಿಗೂ ಗೊತ್ತಾಗುವ ಸಂಗತಿಯೆಂದರೆ, ಕಜ್ಜಿ, ಗಜಕರ್ಣ, ಕೀವುಗುಳ್ಳೆ, ಬೆವರುಸಾಲೆ, ಕೆನ್ನೆಯ ಬಿಳಿಮಚ್ಚೆ ಇವುಗಳಲ್ಲಿ ಯಾವುದೊಂದೂ ತಗಲದೆ ಬಾಲ್ಯ ದಾಟಿದ ಮಗುವನ್ನು ಹುಡುಕುವುದು ಕಷ್ಟ. ಇಷ್ಟು ಸಾಮಾನ್ಯವಾದದ್ದನ್ನು ಇಷ್ಟು ಗಂಭೀರವಾಗಿ ನೋಡಿದ ವೈದ್ಯರು ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ವಿರಳ. ಅಂಥವರಲ್ಲಿ ಅಗ್ರಗಣ್ಯರಾದ ಡಾ. ಜಗದಾಂಬಾ ಅವರು ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ಕೈಕೆಳಗೆ ಪಳಗಿದ, ಅಂದರೆ ಸಾಕಷ್ಟು ಬೈಸಿಕೊಂಡ, ವಿದ್ಯಾರ್ಥಿನಿಯಾಗಿ ನಾಲ್ಕು ಮಾತು ಬರೆಯುವ ಅವಕಾಶ ನನ್ನ ಪಾಲಿಗೆ ಬಂದಿದೆ.

ಮೇಡಂ ರಾಜಾಜಿನಗರದ ಆಸ್ಪತ್ರೆಗೆ ಬಂದ ಹೊಸದರಲ್ಲಿ ಚರ್ಮದ ವಿಭಾಗಕ್ಕೆ ಪ್ರತ್ಯೇಕ ಕೋಣೆಯೇ ಇರಲಿಲ್ಲವಂತೆ. ಮೆಟ್ಟಿಲ ಕೆಳಗಿನ ಜಾಗದಲ್ಲಿ ಒಂದು ಮೇಜು ಹಾಕಿಸಿಕೊಂಡು, ಬೆಳಕು ಸಾಲದೆಂದು ಮಕ್ಕಳನ್ನು ತಾವೇ ಎತ್ತಿಕೊಂಡು ಕಿಟಕಿಯ ಬಳಿಗೆ ಹೋಗಿ ನೋಡುತ್ತಿದ್ದರು. ಮುಂದೆ ಒಳ್ಳೆಯ ಕೋಣೆ, ಒಳ್ಳೆಯ ದೀಪ ಎಲ್ಲ ಬಂದರೂ ಮಗುವನ್ನು ಎತ್ತಿಕೊಂಡೇ ನೋಡುವ ಅಭ್ಯಾಸ ಹೋಗಲಿಲ್ಲ. ನಾವು ಚೀಟಿಯಲ್ಲಿ ‘ಅಲರ್ಜಿ’ ಎಂದು ಬರೆದರೆ ಮಾತ್ರ ಅವರ ಸಿಟ್ಟು ನೆತ್ತಿಗೇರುತ್ತಿತ್ತು. ಕಾರಣ ತಿಳಿಯದ ಸೋಮಾರಿಗಳು ಬಳಸುವ ಪದವದು ಎಂದು ಎಲ್ಲರೆದುರು ಜಾಡಿಸುತ್ತಿದ್ದರು. ಗಜಕರ್ಣಕ್ಕೆ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ತಿಂಗಳುಗಟ್ಟಲೆ ಹಚ್ಚಿ, ಕಾಯಿಲೆಯನ್ನು ಮೈತುಂಬ ಹರಡಿಸಿಕೊಂಡು ಬಂದ ತಾಯಂದಿರಿಗೆ ಮಾತ್ರ ಒಂದು ಗಡಸು ಮಾತನ್ನೂ ಆಡುತ್ತಿರಲಿಲ್ಲ. ಬೈಗುಳವೆಲ್ಲ ನಮಗೇ ಮೀಸಲು.

ಮಗುವಿನ ಕೆನ್ನೆಯ ಮೇಲೆ ಬಿಳಿಮಚ್ಚೆ ಕಂಡು ಗಾಬರಿಯಾಗಿ ಬರುವ ಕುಟುಂಬಗಳು ಈ ಭಾಗದಲ್ಲಿ ಬಹಳ. ಗೋವಿಂದರಾಜನಗರದಿಂದ ಒಮ್ಮೆ ಅಂಥ ಮಗುವಿನ ಹಿಂದೆ ಇಡೀ ಸಂಸಾರವೇ ಬಂದಿತ್ತು. ಮೇಡಂ ಹೆಸರು, ವಯಸ್ಸು ಏನನ್ನೂ ಕೇಳುವ ಮೊದಲೇ, ಬಾಗಿಲಲ್ಲಿ ನಿಂತಿದ್ದ ಅಜ್ಜನಿಗೂ ಕೇಳಿಸುವಂತೆ, ಇದು ತೊನ್ನಲ್ಲ ಎಂದು ಹೇಳಿದರು. ಪರೀಕ್ಷೆ, ಎಣ್ಣೆ, ಸಾಬೂನಿನ ಮಾತು ಆಮೇಲೆ. ಹೆದರಿದವರ ಕಿವಿಗೆ ಬೇರೆ ಯಾವ ಮಾತೂ ಹೋಗುವುದಿಲ್ಲವೆಂದು ಅವರು ನಮಗೆ ಬಿಡಿಸಿ ಹೇಳಿದರು.

ಅವರಿಂದ ನಾನು ಕಲಿತದ್ದರಲ್ಲಿ ದೊಡ್ಡ ಪಾಠ ಸಿಕ್ಕಿದ್ದು ಮಾತ್ರ ಆಸ್ಪತ್ರೆಯ ಹೊರಗೆ. ಹೆಗ್ಗನಹಳ್ಳಿಯ ವಠಾರವೊಂದರಲ್ಲಿ ಹುನಗುಂದದ ಕಡೆಯಿಂದ ದುಡಿಯಲು ಬಂದ ಸಂಸಾರವೊಂದಿತ್ತು. ತಾಯಿ ಮುತ್ತವ್ವ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುತ್ತಿದ್ದರು. ಮಗಳು ಸುವರ್ಣಾ ಎರಡನೆಯ ತರಗತಿ. ಆ ಮಗುವಿನ ಬೆರಳ ಸಂದುಗಳಲ್ಲಿ ತುರಿಕಜ್ಜಿ. ಕುತ್ತಿಗೆಯಿಂದ ಅಂಗಾಲಿನವರೆಗೆ, ಮನೆಮಂದಿಯೆಲ್ಲ ಒಂದೇ ರಾತ್ರಿ ಔಷಧ ಹಚ್ಚಿಕೊಳ್ಳಬೇಕೆಂದು ನಾವು ಹೇಳಿ ಕಳಿಸಿದ್ದೆವು. ಕಜ್ಜಿ ಹೋಯಿತು, ಮತ್ತೆ ಬಂತು. ಮತ್ತೊಮ್ಮೆ ಹೋಯಿತು, ಮತ್ತೆ ಬಂತು. ಪೂರ್ತಿ ವಾಸಿಯಾಗುವ ತನಕ ತರಗತಿಗೆ ಕಳಿಸಬೇಡಿ ಎಂದು ಶಾಲೆಯವರು ಹೇಳಿಬಿಟ್ಟರು. ಕೆಲಸ ಬಿಟ್ಟು ಮಗುವನ್ನು ಕಾಯುವಂತಿಲ್ಲದ ಮುತ್ತವ್ವ ಬೇರೆ ದಾರಿ ಕಾಣದೆ, ಭಾನುವಾರದ ಬಸ್ಸಿಗೆ ಮಗಳನ್ನು ತವರಿಗೆ ಕಳಿಸಿ ಅಲ್ಲೇ ಶಾಲೆಗೆ ಸೇರಿಸುವುದೆಂದು ನಿರ್ಧರಿಸಿದ್ದರು. ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಬಂದು ಅದನ್ನು ನಮಗೆ ಹೇಳಿದರು.

ನಾನು ಔಷಧ ಬದಲಿಸೋಣವೆಂದೆ. ಮೇಡಂ ನನ್ನತ್ತ ತಿರುಗಿಯೂ ನೋಡದೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರು.

“ರಾತ್ರಿ ನೀನು ಯಾರ ಪಕ್ಕ ಮಲಗ್ತೀಯ ಪುಟ್ಟಿ?”

“ಅಜ್ಜಿ ಕೂಡ. ಅಜ್ಜಿ ಕೌದ್ಯಾಗ.”

ಅಜ್ಜಿಗೆ ಔಷಧ ಹಚ್ಚಿದ್ದಿರಾ ಎಂದು ಕೇಳಿದಾಗ ಮುತ್ತವ್ವ ಇಲ್ಲವೆಂದರು. ಊರಿನಿಂದ ತಂದ ಆ ಹಳೆಯ ಸೀರೆಗಳ ಹೊದಿಕೆಯನ್ನೂ ಬಿಸಿನೀರಿಗೆ ಹಾಕಿರಲಿಲ್ಲ. ಅತ್ತೆ ದುರ್ಗವ್ವನವರು ತಮಗೆ ಬಂದದ್ದು ಒಣಚರ್ಮದ ಕೆರೆತವೆಂದೇ ನಂಬಿದ್ದರು. “ನಮ್ಮತ್ತಿಯವರಿಗೆ ಹೆಂಗ ಹೇಳ್ಲಿರಿ ಮೇಡಂ, ನಿಮಗೂ ಕಜ್ಜಿ ಐತಿ ಅಂತ?” ಎಂದು ಮುತ್ತವ್ವ ಅಳತೊಡಗಿದರು. ಮಗಳನ್ನು ದೂರ ಕಳಿಸಲು ಒಪ್ಪಿದ್ದ ಹೆಂಗಸಿಗೆ ಅತ್ತೆಗೆ ಆ ಒಂದು ಮಾತು ಹೇಳಲು ಆಗಿರಲಿಲ್ಲ. ಅದನ್ನು ದಡ್ಡತನವೆನ್ನುವವರು ಒಂದೇ ಕೋಣೆಯಲ್ಲಿ ಅತ್ತೆಯೊಂದಿಗೆ ಸಂಸಾರ ಮಾಡಿ ನೋಡಬೇಕು.

ಶನಿವಾರ ಸಂಜೆ ಮೇಡಂ ನನ್ನ ಸ್ಕೂಟರಿನ ಹಿಂದೆ ಕುಳಿತು ಹೆಗ್ಗನಹಳ್ಳಿಗೆ ಬಂದರು. ದುರ್ಗವ್ವ ಚಾಪೆ ಹಾಸಿ ಚಹಾ ಕೊಟ್ಟರು. ಮೇಡಂ ಕಾಯಿಲೆಯ ವಿಷಯವನ್ನೇ ಎತ್ತದೆ ಚಹಾ ಕುಡಿದು ಮುಗಿಸಿದರು. ಆಮೇಲೆ ರವಿಕೆಯ ತೋಳು ಸರಿಸಿ ತಮ್ಮ ಮಣಿಕಟ್ಟು, ಮೊಣಕೈಗಳನ್ನು ಅಜ್ಜಿಗೆ ತೋರಿಸಿದರು. ಅಲ್ಲಿ ಗುಳ್ಳೆಗಳೆದ್ದಿದ್ದವು. ಮಕ್ಕಳನ್ನು ಎತ್ತಿಕೊಂಡು ನೋಡುವ ಅಭ್ಯಾಸದ ಫಲ ಅದು. ಕೆಲವು ದಿನಗಳಿಂದ ಅವರು ಕೆರೆದುಕೊಳ್ಳುತ್ತಿದ್ದುದು ನಿಜ, ಆ ರಾತ್ರಿ ಔಷಧ ಹಚ್ಚಿಕೊಳ್ಳಬೇಕೆಂದು ಅವರೇ ನನಗೆ ಮೊದಲೇ ಹೇಳಿದ್ದೂ ನಿಜ.

“ನನಗೂ ಅಂಟ್ಕೊಂಡಿದೆ ಅಜ್ಜಿ. ಬೆನ್ನಿಗೆ ನನ್ನ ಕೈ ಎಟಕಲ್ಲ. ನೀವು ಸ್ವಲ್ಪ ಹಚ್ಚಿ ಕೊಡ್ತೀರಾ?”

ದುರ್ಗವ್ವ ಬಹಳ ಹೊತ್ತು ಅವರ ಕೈಯನ್ನೇ ನೋಡಿದರು. “ಡಾಕ್ಟರಮ್ಮಗೂ ಬರತೈತೇನ ಇದು?”

“ಚರ್ಮ ಇರೋರಿಗೆಲ್ಲ ಬರತ್ತೆ.”

ನಾನು ಎದ್ದು ಬಾಗಿಲು ಮುಂದೆ ಮಾಡಿದೆ. ಆ ಮುದುಕಿ ಎಳೆಗೂಸಿಗೆ ಎಣ್ಣೆ ಹಚ್ಚುವವರಂತೆ ಮೇಡಂ ಅವರ ಬೆನ್ನಿಗೆಲ್ಲ ನಿಧಾನವಾಗಿ ಔಷಧ ಸವರಿದರು. ಮುಗಿದ ಮೇಲೆ ಬಾಟಲಿಯನ್ನು ಸೊಸೆಯ ಕೈಗಿತ್ತು, ಅವಳತ್ತ ಬೆನ್ನು ತಿರುಗಿಸಿ ಕುಳಿತು, “ನನಗೂ ಹಚ್ಚವಾ” ಎಂದರು. ಮುತ್ತವ್ವ ಅಂಗೈಗೆ ಔಷಧ ಸುರಿದುಕೊಂಡು ಹಚ್ಚತೊಡಗಿದರು. ನನ್ನ ಕಣ್ಣು ತುಂಬಿತ್ತು, ಮೇಡಂ ನೋಡಿದರೆ ಬೈಯುತ್ತಾರೆಂದು ಗೋಡೆಯ ಕಡೆ ತಿರುಗಿಕೊಂಡೆ. ಮರುದಿನ ಕೌದಿ ಬಿಸಿನೀರು ಕಂಡಿತು, ಊರಿನ ಬಸ್ಸು ಸುವರ್ಣಾ ಇಲ್ಲದೆಯೇ ಹೊರಟಿತು. ವಾರದ ಬಳಿಕ ಎಲ್ಲರೂ ಇನ್ನೊಮ್ಮೆ ಹಚ್ಚಿಕೊಂಡರು. ಮೇಡಂ ಶಾಲೆಗೆ ತಾವೇ ಫೋನು ಮಾಡಿ, ಔಷಧ ಹಚ್ಚಿದ ಮಗುವನ್ನು ಹೊರಗಿಡಲು ಕಾರಣವೇ ಇಲ್ಲವೆಂದು ತಿಳಿಸಿದರು. ಕಜ್ಜಿ ಮತ್ತೆ ಬರಲಿಲ್ಲ.

ಆ ಬಳಿಕ ನಮ್ಮ ವಿಭಾಗಕ್ಕೆ ಬಂದ ಪ್ರತಿ ಕಿರಿಯ ವೈದ್ಯರಿಗೂ ಮಗುವಿನ ಕೈ ನೋಡುವ ಮೊದಲು ಅದರ ಪಕ್ಕ ಮಲಗುವವರು ಯಾರೆಂದು ಕೇಳುವುದು ಕಡ್ಡಾಯವಾಯಿತು. ಈಗ ನಂದಿನಿ ಲೇಔಟಿನ ನನ್ನ ಚಿಕಿತ್ಸಾಲಯದಲ್ಲಿ ನಾನೂ ಅದನ್ನೇ ಕೇಳುತ್ತೇನೆ.

ನಿವೃತ್ತಿಯ ನಂತರ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳುವ ಧೈರ್ಯ ನಮಗ್ಯಾರಿಗೂ ಇಲ್ಲ. ಶಾಲೆಗಳ ತಪಾಸಣೆಯನ್ನು ಮುಂದುವರಿಸುವುದಾಗಿ ಅವರು ಈಗಾಗಲೇ ಪ್ರಕಟಿಸಿ, ಜೊತೆಗೆ ಬರಬೇಕಾದವರ ಹೆಸರನ್ನೂ ಹೇಳಿಯಾಗಿದೆ. ಅವರ ಕಣ್ಣಿನ ಚುರುಕು, ನಾಲಗೆಯ ಮೊನಚು ಎರಡೂ ಹೀಗೆಯೇ ಇದ್ದು, ಅವರು ಬಹುಕಾಲ ಆರೋಗ್ಯದಿಂದ ಬಾಳಲಿ, ನಮ್ಮ ಬಡಾವಣೆಗಳ ಮಕ್ಕಳಿಗೆ ಇನ್ನೂ ಅನೇಕ ವರ್ಷ ಅವರ ಮಡಿಲು ಸಿಗಲಿ ಎಂಬುದು ನನ್ನ ತುಂಬುಮನಸ್ಸಿನ ಹಾರೈಕೆ. ಈ ಲೇಖನ ಬರೆಯುವ ಮುನ್ನ ಮುತ್ತವ್ವನವರಿಗೆ ಫೋನು ಮಾಡಿ, ಮೇಡಂ ಅವರಿಗೆ ನಿಮ್ಮ ಪರವಾಗಿ ಏನು ಬರೆಯಲಿ ಎಂದು ಕೇಳಿದೆ. ಹೈಸ್ಕೂಲಿಗೆ ಹೊರಟ ಮಗಳಿಗೆ ಜಡೆ ಹಾಕುತ್ತಿದ್ದರಂತೆ.

“ನನ್ನ ಮಗಳು ನನ್ನ ಕೂಡನ ಬೆಳದ್ಲು ಅಂತ ಬರೀರಿ” ಎಂದರು.